ಕೊನೆಯ ನಿಮಿಷದ ಕೋಚ್

ನಮ್ಮ ಕೋಚ್ ಅವರ ಬಲಗೈ ತೋರುಬೆರಳು ನಡುಗೆಣ್ಣಿನಿಂದ ಎಡಕ್ಕೆ ವಾಲಿತ್ತು. ಚೆಂಡು ಹಿಡಿಯಲು ಹೋಗಿ ಮುರಿದುಕೊಂಡದ್ದು, ನೆಟ್ಟಗೆ ಕೂಡಿರಲಿಲ್ಲ. ಅವರು ನೇರ ತೋರಿಸಿದರೆ ಹೊಸಬರು ಎಡಕ್ಕೆ ಓಡುವರು. ಇಂಗ್ಲಿಷಿನಲ್ಲಿ ಅವರನ್ನು ಬೈದು, ನನ್ನ ಕಡೆ ತಿರುಗಿ, "ಬೆರಳು ನೋಡ್ಬೇಡ ಮರಿ, ನನ್ನ ಮೂಗು ನೋಡು" ಅನ್ನುವರು.

ಇದು ಕಾಲಲ್ಲಿ ಒದೆಯುವ ಫುಟ್‌ಬಾಲಲ್ಲ, ಹೆಲ್ಮೆಟ್ ಹಾಕಿಕೊಂಡು ಚೆಂಡನ್ನು ಕೈಯಲ್ಲಿ ಎಸೆದು ಹಿಡಿಯುವ ಅಮೆರಿಕನ್ ಫುಟ್‌ಬಾಲ್. ಮೈಸೂರಿನವರಾದ ಕೋಚ್ ಅದನ್ನು ಅಮೆರಿಕದ ಕಾಲೇಜಿನಲ್ಲಿ ಆಡಿದವರು. ಲಂಡನ್ನಿನ ಅಂಚಿನ ಸಟನ್ನಿನ ಆಸ್ಪತ್ರೆಯಲ್ಲಿ ಫಿಸಿಯೋ ಆಗಿದ್ದರು. ಭಾನುವಾರ ನಮ್ಮ ವಿಶ್ವವಿದ್ಯಾಲಯದ ತಂಡಕ್ಕೆ ಪುಕ್ಕಟೆ ಪಾಠ.

ನಾನು ಹದಿನಾಲ್ಕಕ್ಕೆ ಕುಂದಾಪುರದಿಂದ ಅದೇ ಲಂಡನ್ನಿನ ಇಲ್ಫರ್ಡಿಗೆ ಬಂದವನು. ಅಪ್ಪ ಹೋಟೆಲಿನಲ್ಲಿ ಅಡುಗೆಯವರು. ನಮ್ಮ ಮನೆತನದಲ್ಲಿ ಡಿಗ್ರಿಗೆ ಸೇರಿದ ಮೊದಲಿಗ ನಾನೇ. ನನ್ನ ಹೆಲ್ಮೆಟ್ ಕಂಡು ಅಪ್ಪ, "ನಿನ್ನ ಓದುಕ್ ಕಳ್ಸದ್ದಾ, ಗುದ್ದಾಡುಕಾ?" ಅಂದಿದ್ದರು. ಓದುತ್ತಿದ್ದೆ, ಆದರೆ ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ.

ಸ್ಟ್ರಾಟ್‌ಫರ್ಡಿನ ಕಾಫಿ ಅಂಗಡಿಯಲ್ಲಿ ಕೋಚ್ ಸಕ್ಕರೆ ಪೊಟ್ಟಣಗಳನ್ನು ಮೇಜಿನ ಮೇಲೆ ಹರಡುವರು. ಬಿಳಿ ಸಕ್ಕರೆ ನಾವು, ಕಂದು ಸಕ್ಕರೆ ಎದುರಾಳಿ. "ನಾವು ಮುಂದಿದ್ರೆ ಕೊನೇ ನಿಮಿಷದಲ್ಲಿ ಎಲ್ಲರೂ ಹಿಂದಕ್ಕೆ. ಸಣ್ಣ ಎಸೆತ ಹಿಡ್ಕೊಳ್ಲಿ ಬಿಡು, ಉದ್ದದ್ದು ತಲೆ ಮೇಲಿಂದ ಹೋಗ್ಬಾರ್ದು." ಅಮೆರಿಕದಲ್ಲಿ ಅವರ ತಂಡ ಒಮ್ಮೆ ಕೊನೆಯ ಎಸೆತಕ್ಕೆ ಸೋತಿತ್ತಂತೆ. ಆ ಚೆಂಡು ಹೋದದ್ದು ಅವರ ತಲೆಯ ಮೇಲಿಂದಲೇ. ಹೆದರಿಕೆ ಹಾಗೇ ಉಳಿದಿತ್ತು.

ನನ್ನ ಎರಡನೇ ವರ್ಷದ ಕಡೆಯ ಪಂದ್ಯ. ಸೋತರೆ ಕೆಳಗಿನ ದರ್ಜೆಗೆ. ನಾಲ್ಕು ಅಂಕ ಮುಂದಿದ್ದೆವು, ಒಂದು ನಿಮಿಷ ಬಾಕಿ. ಚೆಂಡು ಎದುರಾಳಿಗಳ ಕೈಯಲ್ಲಿತ್ತು, ಅದನ್ನು ಮೈದಾನದ ನಮ್ಮ ತುದಿಗೆ ಮುಟ್ಟಿಸಿದರೆ ಅವರಿಗೆ ಆರು ಅಂಕ. ಹೇಳಿಕೊಟ್ಟಂತೆ ಹಿಂದೆ ಸರಿದೆವು. ಎದುರಾಳಿಗಳು ಅಂಚಿನಲ್ಲಿ ಸಣ್ಣ ಎಸೆತ ಹಿಡಿದು ಪಕ್ಕದ ಗೆರೆ ದಾಟಿ ಹೊರಗೆ ಹೋಗಿಬಿಡುವರು. ಗೆರೆ ದಾಟಿದರೆ ಗಡಿಯಾರ ನಿಲ್ಲುತ್ತದೆ. ಮೂರು ಸಲ ಹಾಗೆಯೇ ಮಾಡಿ ಅರ್ಧ ಮೈದಾನ ನುಂಗಿದರು. ಗಡಿಯಾರ ನಿಲ್ಲಿಸಿ ಮಾತಾಡಲು ಕೋಚ್ ಟೈಮ್‌ಔಟ್ ಕೇಳಿದರು.

ಎಲ್ಲರೂ ಸುತ್ತ ನಿಂತಿದ್ದಾಗ ನನ್ನನ್ನು ಕನ್ನಡದಲ್ಲೇ ಕೇಳಿದರು: "ಗೆರೆ ಹತ್ರ ನೀನಿದ್ದೀಯ. ಏನು ನಡೀತಿದೆ ಮರಿ?"

ನನ್ನ ಬಾಯಿಗೂ ಕನ್ನಡವೇ ಬಂತು. "ನಾವು ಬಿಟ್ಟ ಜಾಗವೇ ತಪ್ಪು, ಕೋಚ್. ನಡು ಬಿಡುವ, ಗೆರೆ ಕಾಯುವ. ನಡುವೆ ಹಿಡಿದ್ರೆ ಅಲ್ಲೇ ಬೀಳಿಸಿದ್ರಾಯ್ತು, ಗಡಿಯಾರ ಓಡ್ತದೆ. ಅವರ ಟೈಮ್‌ಔಟ್ ಎಲ್ಲ ಮುಗ್ದಿದೆ."

"ಉದ್ದದ್ದು ಎಸೆದ್ರೆ?"

"ಹಿಂದೆ ಇಬ್ಬರು ಸಾಕು."

ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ನಾನಂದದ್ದನ್ನು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿ, ಇದು ಇವನ ಮಾತು, ನನ್ನದಲ್ಲ ಎಂದೂ ಸೇರಿಸಿದರು.

ಅಂಚು ಸಿಗದೆ ಎದುರಾಳಿಗಳು ನಡುವೆ ಎಸೆದರು. ಹಿಡಿದವನ ಮೇಲೆ ನಾನೂ ಇನ್ನೊಬ್ಬನೂ ಬಿದ್ದೆವು. ಅವರು ಮತ್ತೆ ಸಾಲುಗಟ್ಟುವಷ್ಟರಲ್ಲಿ ಹೊತ್ತು ಮುಗಿದು ಸೀಟಿ ಕೇಳಿಸಿತು. ಗೆದ್ದಿದ್ದೆವು.

ಮರುದಿನ ಸಂಜೆ ಕೋಚ್ ರೈಲು ಬದಲಿಸಿ ನಮ್ಮ ಮನೆಗೆ ಬಂದರು. ನಿಂತೇ ಅಪ್ಪನಿಗೆ ಹೇಳಿದರು: "ನಿನ್ನೆ ತಪ್ಪು ನಂದು. ತಿದ್ದಿದ್ದು ನಿಮ್ಮ ಮಗ. ಅದನ್ನ ನಾನೇ ಬಂದು ಹೇಳ್ಬೇಕಿತ್ತು."

ಅಪ್ಪ ತಬ್ಬಿಬ್ಬಾಗಿ, "ಕೂಕಣಿ, ಉಂಡ್ಕಂಡೇ ಹೋಯ್ಕ್" ಅಂದು ಕುರ್ಚಿ ಎಳೆದು ತಟ್ಟೆ ಇಟ್ಟರು.

ಆ ವಾರ ತರಗತಿಯಲ್ಲಿ ಮೊದಲ ಸಲ ಕೈ ಎತ್ತಿದೆ. ಡಿಗ್ರಿ ನಾನೇ ದುಡಿದು ಪಡೆದದ್ದು, ಯಾರ ದಾನವೂ ಅಲ್ಲ. ಆದರೆ ಆ ಕೈ ಎತ್ತಿಸಿದವರು ಅವರು.

ಕಳೆದ ಚಳಿಗಾಲದಲ್ಲಿ ಕೋಚ್ ತೀರಿಕೊಂಡರು. ನನ್ನ ಒಂದು ಪಂದ್ಯವನ್ನೂ ನೋಡದ ಅಪ್ಪ ಹೋಟೆಲಿಗೆ ರಜೆ ಹಾಕಿ, "ನಾನೂ ಬತ್ತೆ" ಎಂದು ಅಂತ್ಯಕ್ರಿಯೆಗೆ ಸಟನ್ನಿಗೆ ಹೊರಟರು. ವಾಪಸು ಬರುವಾಗ ರೈಲಿನಲ್ಲಿ, ಅಲ್ಲಿ ಹಳೆಯ ಆಟಗಾರರು ಹೇಳಿದ ಆ ಪಂದ್ಯವನ್ನು ನೆನೆದು, "ಗೆರೆ ದಾಟ್ರೆ ಗಡಿಯಾರ ನಿಲ್ಸುದ್ ಎಂತಕ್ಕೆ ಮಗಾ?" ಎಂದು ಕೇಳಿದರು.

ಇಲ್ಫರ್ಡ್ ಬರುವವರೆಗೂ ಆ ಆಟವನ್ನು ಅಪ್ಪನಿಗೆ ಹೇಳಿಕೊಟ್ಟೆ.