ಅಟ್ಟದ ಕಿವಿ

ಬೆಳಿಗ್ಗೆ ಅಟ್ಟದಿಂದ ಒಂದು ಕಾಯಿ ಇಳಿಸಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಅಲ್ಲಾಡಿಸಿದ್ದೇ ತಡ, ನಮ್ಮತ್ತೆ ನೆನಪಾದರು. ನೀವು ತಿಪಟೂರು ಕಡೆಯವರಾದರೆ ಇದನ್ನು ಹೇಳಬೇಕಿಲ್ಲ; ಅಲ್ಲದಿದ್ದರೆ ಕೇಳಿ. ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟ ತೆಂಗಿನಕಾಯಿಯ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅನ್ನಬೇಕು. ಅದಕ್ಕೆ ಮುಂಚೆ ಆತುರಪಟ್ಟು ಒಡೆದಿರೋ, ಕೊಬ್ಬರಿ ಹಾಳು.

ಅರಳಗುಪ್ಪೆಯ ನಮ್ಮ ಮನೆಯಲ್ಲಿ ತೋಟಕ್ಕೆ ಮಾವ ಯಜಮಾನರು, ಅಟ್ಟಕ್ಕೆ ಅತ್ತೆ. ಅವರು ಅಲ್ಲಾಡಿಸಿ ಕೇಳಿ ಹೂಂ ಅನ್ನದೆ ಒಂದು ಕಾಯಿಯೂ ಒಡೆಯುವಂತಿರಲಿಲ್ಲ. ಅಂಥವರಿಗೆ ನಾನು ಕರೆದರೆ ಕೇಳಿಸದಂತಾಯಿತು. ಕಿವಿ ತೋರಿಸೋಣ ಅಂದರೆ ಮುಖ ಇಳಿದುಹೋಯಿತು.

"ಕಿವುಡಿ ಅಂತ ಡಾಕ್ಟ್ರು ಹೇಳ್ಬುಟ್ರೆ ನನ್ ಮಾತ್ಗೆ ಇನ್ಯಾರೇ ಕಾಯಿ ಒಡೀತಾರೆ? ಸುಮ್ಕಿರು ಬುಡು."

ಅಂತೂ ಪುಸಲಾಯಿಸಿ ತಿಪಟೂರಿಗೆ, ಕಿವಿ ಆಸ್ಪತ್ರೆಗೆ ಕರೆದೊಯ್ದೆ. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. "ಎಷ್ಟು ಸಣ್ಣಗೆ ಕೇಳಿಸಿದ್ರೂ ಒತ್ತಬೇಕು ಅಜ್ಜಿ" ಎಂದರು ಪರೀಕ್ಷೆ ಮಾಡುವಾಕೆ. ಅತ್ತೆ ಕಣ್ಣು ಮುಚ್ಚಿ, ಕತ್ತು ವಾಲಿಸಿ, ಥೇಟ್ ಅಟ್ಟದ ಕಾಯಿಗೆ ಕಿವಿಗೊಟ್ಟಂತೆ ಕೂತರು. ಹೆಬ್ಬೆರಳು ಮಾತ್ರ ಅಲುಗುವುದೇ ಅಪರೂಪ.

ಪರೀಕ್ಷೆ ಮುಗಿದು ಹೊರಗೆ ಬಂದ ಮೇಲೆ ಆಕೆ ನನ್ನನ್ನು ಪಕ್ಕಕ್ಕೆ ಕರೆದು, "ಕಿವಿ ತುಂಬಾ ಹೋಗಿದೆ ಕಣ್ರೀ" ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಬೆನ್ನ ಹಿಂದಿನಿಂದ ಅತ್ತೆಯ ದನಿ ಬಂತು: "ಯಾರ್ದು ತುಂಬಾ ಹೋಗಿರೋದು?"

ಆಕೆ ಬೆಚ್ಚಿ, "ಮತ್ತೆ ಗುಂಡಿ ಯಾಕೆ ಒತ್ತಲಿಲ್ಲ ಅಜ್ಜಿ?" ಎಂದರು.

"ಕೇಳುಸ್ತು ಕಣಮ್ಮ. ಸದ್ದು ಇನ್ನೂ ಬಲಿತಿರ್ಲಿಲ್ಲ. ಬಲೀಲಿ ಅಂತ ಕಾಯ್ತಿದ್ದೆ."

ಮತ್ತೆ ಕೋಣೆಗೆ ಕಳಿಸಿದರು. ಈ ಸಲ ಪರೀಕ್ಷೆಯ ಕಾಗದದಲ್ಲಿ ಮೂಡಿದ ಗೀಟುಗಳನ್ನು ತೋರಿಸುತ್ತಾ ಆಕೆ ವಿವರಿಸಿದರು: ಕಿವಿಯೊಳಗೆ ಸದ್ದಿಗೆ ಅದುರುವ ಪೊರೆಯಿದೆ, ಅದರ ಹಿಂದೆ ಅಲ್ಲಾಡುವ ಪುಟಾಣಿ ಮೂಳೆಗಳಿವೆ, ಅವೆಲ್ಲ ನೆಟ್ಟಗಿವೆ, ಇನ್ನೂ ಒಳಗೆ, ಕೀಚಲು ದನಿ ಹಿಡಿಯುವ ಭಾಗ ಮಾತ್ರ ಸವೆದಿದೆ.

"ಅಂದ್ರೆ ಕಾಯಿ ಕೇಳುಸ್ತದೆ, ಸೊಸೆ ಕೇಳ್ಸಲ್ಲ" ಎಂದರು ಅತ್ತೆ. "ಒಳ್ಳೇದೇ ಆಯ್ತು ಬುಡು."

ಬಸ್ಸಿನಲ್ಲಿ ಕಿಟಕಿ ಪಕ್ಕ ಗೆದ್ದ ಪೈಲ್ವಾನರಂತೆ ಕೂತು ಬಂದರು. ಈ ಕಥೆಯನ್ನು ನಾನು ಬೀದಿಗೆಲ್ಲ ಹೇಳಿ ನಗಿಸಿದ್ದೇನೆ.

ಈಗ ಅತ್ತೆಯಿಲ್ಲ, ಅಟ್ಟ ನನ್ನದು. ಬೆಳಿಗ್ಗೆ ಅಲ್ಲಾಡಿಸಿದ ಕಾಯಿ ಯಾಕೋ ತುಟಿಪಿಟಕ್ಕೆನ್ನಲಿಲ್ಲ. ನನ್ನ ಸೊಸೆ ಈಸಿಕೊಂಡು ಅಲ್ಲಾಡಿಸಿ, "ಲೊಟಲೊಟ ಅಂತೈತಲ್ಲತ್ತೆ!" ಎಂದಳು. ಅತ್ತೆಯ ಮುಖ ಅಂದು ಯಾಕೆ ಇಳಿದಿತ್ತೆಂದು ಆಗ ತಿಳಿಯಿತು.

"ಇನ್ನೂ ಬಲೀಲಿ ಬುಡು" ಎಂದು ಕಾಯಿಯನ್ನು ಅಟ್ಟಕ್ಕೇ ಸೇರಿಸಿದೆ.

ಅವಳು ಅಟ್ಟದತ್ತ ಒಮ್ಮೆ ನೋಡಿ, "ನಾಳೆ ತಿಪಟೂರಿಗೆ ಹೋಗ್ಬರೋಣ್ವಾ ಅತ್ತೆ?" ಎಂದಳು.

ಅದು ಸ್ಪಷ್ಟವಾಗಿಯೇ ಕೇಳಿಸಿತು. ಕೇಳಿಸದವಳಂತೆ ಇನ್ನೊಂದು ಕಾಯಿಗೆ ಕೈ ಹಾಕಿದೆ.