ಕೊನೆಯ ಚರಣದ ನಡುವೆ ಬಂದ ಮಾತು

೧೯೮೬ರಲ್ಲಿ ನಾನು ವಾಮದಪದವಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕನಾಗಿದ್ದೆ. ಪಾಠದ ಜೊತೆಗೆ ಶಾಲೆಯ ಮೈಕು, ಟೇಪ್ ರೆಕಾರ್ಡರ್, ಪ್ರಯೋಗಾಲಯದ ಬೀಗದ ಕೈ ಎಲ್ಲವನ್ನೂ ನನ್ನ ತಲೆಗೇ ಕಟ್ಟಿದ್ದರು. ಎಲ್ಲಿ ಒಂದು ವಯರು ಕಡಿದರೂ ನನ್ನನ್ನೇ ಕರೆಯುತ್ತಿದ್ದರು. ಅದರ ಜಂಬವೂ ನನಗೆ ಸಾಕಷ್ಟಿತ್ತು, ಸುಳ್ಳೇಕೆ ಹೇಳಲಿ.

ಆ ಡಿಸೆಂಬರಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿ ಸಂಜೀವ ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದ. ಹೆಗಲಲ್ಲಿ ಹೊಚ್ಚಹೊಸ ವೀಡಿಯೊ ಕ್ಯಾಮೆರಾ. “ಮಾಸ್ಟ್ರೇ, ಮಕ್ಕಳದ್ದೊಂದು ಹಾಡು ತೆಗೆಯುವ. ಅಲ್ಲಿ ಶುಕ್ರವಾರ ನಾವು ಊರಿನವರೆಲ್ಲ ಒಟ್ಟು ಸೇರ್ತೇವೆ. ನೋಡ್ಲಿಕ್ಕೆ ಒಂದು ಆಯ್ತಲ್ಲ” ಎಂದ. ಅವನು ವಾಪಸು ಹೊರಡುವುದು ಮುಂದಿನ ಶನಿವಾರ ಮಧ್ಯಾಹ್ನ, ಬೊಂಬಾಯಿ ಬಸ್ಸಿಗೆ.

ಹತ್ತನೆಯ ತರಗತಿಯ ಮಕ್ಕಳು ನಮ್ಮೂರಿನ ಮೇಲೆ ತಾವೇ ಒಂದು ಹಾಡು ಕಟ್ಟಿದ್ದರು. ಮೂರು ಚರಣ. ಮೊದಲ ಎರಡು ಎಲ್ಲರೂ ಸೇರಿ ಹಾಡುವಂಥವು, ಕೊನೆಯದು ಸುನಂದಾ ಎಂಬ ಹುಡುಗಿ ಒಬ್ಬಳೇ ಹಾಡುವುದು. ಅವಳ ಅಪ್ಪ ಕೃಷ್ಣಪ್ಪ ಮಸ್ಕತ್ತಿನಲ್ಲಿ ಇದ್ದದ್ದು ಸಂಜೀವನ ರೂಮಿನಲ್ಲೇ. ನಾಲ್ಕು ವರ್ಷಗಳಿಂದ ಊರಿಗೆ ಬಂದಿರಲಿಲ್ಲ. “ಅಪ್ಪ ನನ್ನ ಸ್ವರ ಕೇಳದೆ ನಾಲ್ಕು ವರ್ಷ ಆಯ್ತು ಸರ್” ಎಂದು ಅವಳು ನನ್ನಲ್ಲಿ ಹೇಳಿದ್ದಳು. ಆಗ ನಮ್ಮ ಕಡೆಯ ಮನೆಗಳಲ್ಲಿ ಫೋನ್ ಎಲ್ಲಿತ್ತು?

ನಾನು ಗ್ರಾಫ್ ಹಾಳೆಯ ಮೇಲೆ ಯೋಜನೆ ಹಾಕಿದೆ. ಶುಕ್ರವಾರ ಬೆಳಿಗ್ಗೆ ಶಾಲೆಯಲ್ಲಿ ಮೊದಲ ಚರಣ, ಆಮೇಲೆ ಜೀಪಿನಲ್ಲಿ ಬೆಳ್ತಂಗಡಿ ಪೇಟೆಗೆ ಹೋಗಿ ಎರಡನೆಯದು, ಸಂಜೆ ಬಂಟ್ವಾಳದಲ್ಲಿ ನದಿಯ ಮರಳಿನ, ನಮ್ಮ ಮಾತಿನಲ್ಲಿ ಹೊಯಿಗೆಯ, ಮೇಲೆ ಮೂರನೆಯದು. ಹಾರ್ಮೋನಿಯಂ ಹೊತ್ತುಕೊಂಡು ತಿರುಗುವುದು ಕಷ್ಟವೆಂದು ಹಾಡನ್ನು ಮೊದಲೇ ಟೇಪಿನಲ್ಲಿ ಮುದ್ರಿಸಿಕೊಂಡೆವು. ಅದನ್ನು ನುಡಿಸುವುದು, ಮಕ್ಕಳು ಅದಕ್ಕೆ ಸರಿಯಾಗಿ ತುಟಿ ಆಡಿಸುವುದು, ಕ್ಯಾಮೆರಾ ಎರಡನ್ನೂ ಹಿಡಿಯುವುದು. ತೆಗೆದದ್ದನ್ನು ಕತ್ತರಿಸಿ ಜೋಡಿಸುವ ಸೌಕರ್ಯ ನಮಗಿರಲಿಲ್ಲ. ಒಂದರ ಹಿಂದೆ ಒಂದು ತೆಗೆಯುತ್ತಾ ಹೋದರೆ ಅದೇ ಕ್ಯಾಸೆಟ್.

ಶುಕ್ರವಾರ ಎಲ್ಲವೂ ನನ್ನ ಹಾಳೆಯಲ್ಲಿದ್ದಂತೆಯೇ ನಡೆಯಿತು. ಬೆಳ್ತಂಗಡಿಯಲ್ಲಿ ಬಾಳೆಹಣ್ಣಿನ ಅಂಗಡಿಯವರೂ ಹಾಡಿಗೆ ತಲೆಯಾಡಿಸಿದರು. ಹೊಯಿಗೆಯ ಮೇಲೆ ಗಾಳಿ ಜೋರಾಗಿತ್ತು. ಟೇಪಿನ ಸದ್ದು ಸಾಲದೆ ನಾನು ವಾಲ್ಯೂಮನ್ನು ಪೂರ್ತಿ ತಿರುಗಿಸಿ ಇಟ್ಟೆ.

ಕತ್ತಲಾದ ಮೇಲೆ ಸಂಜೀವನ ಮನೆಯ ಟಿವಿಯ ಮುಂದೆ ಎಲ್ಲರೂ ಕುಳಿತು ನೋಡಿದೆವು. ಮೊದಲ ಚರಣಕ್ಕೆ ಚಪ್ಪಾಳೆ. ಎರಡನೆಯದು ತುಸು ಎಳೆದಂತಿತ್ತು. ಮೂರನೆಯದರಲ್ಲಿ ಸುನಂದಾ ಬಾಯಿ ತೆರೆದಳು, ಬಂದದ್ದು ದಪ್ಪ ಗಂಡಸಿನ ಸ್ವರ! ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೇಪ್ ರೆಕಾರ್ಡರಿನ ಸೆಲ್ಲುಗಳು ದಿನವಿಡೀ ಸೊರಗುತ್ತಾ ಬಂದಿದ್ದವು, ಟೇಪು ನಿಧಾನವಾಗಿ ಓಡಿತ್ತು. ಮೆಲ್ಲಮೆಲ್ಲನೆ ಇಳಿದದ್ದು ಗಾಳಿಯ ಗದ್ದಲದಲ್ಲಿ ನಮ್ಮ ಕಿವಿಗೆ ತಿಳಿದಿರಲಿಲ್ಲ.

“ಸೆಲ್ ಹೊಸತಲ್ವಾ ಮಾಸ್ಟ್ರೇ?” ಎಂದು ಸಂಜೀವ ಕೇಳಿದ.

ಹೊಸತಲ್ಲ. ಹಳೆಯದನ್ನೇ ಎರಡು ದಿನ ಬಿಸಿಲಿಗೆ ಇಟ್ಟು ‘ಚಾರ್ಜು’ ಮಾಡಿದ್ದೆ. ಊರಿನಲ್ಲಿ ಎಲ್ಲರೂ ಟಾರ್ಚಿನ ಸೆಲ್ಲಿಗೆ ಹಾಗೆ ಮಾಡುತ್ತಿದ್ದರು. ಆದರೆ ನಾನು ವಿಜ್ಞಾನದ ಮಾಸ್ಟ್ರು! ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ನಗದೆ ಕುಳಿತವಳು ಸುನಂದಾ ಒಬ್ಬಳೇ. “ಇದನ್ನು ಕಳಿಸುವುದು ಬೇಡ ಸರ್. ಅಪ್ಪನಿಗೆ ನಾನು ಅಂತ ಗೊತ್ತಾಗ್ಲಿಕ್ಕಿಲ್ಲ” ಎಂದಳು. ಅವಳ ಕಣ್ಣು ತುಂಬಿತ್ತು. ನನಗೆ ನನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಬೆಳಿಗ್ಗೆ ಹೊಸ ಸೆಲ್ ಹಾಕಿ ಮತ್ತೆ ಹೊಯಿಗೆಗೆ ಹೋಗುವ ಎಂದೆ. ಅವಳು ಬರಲಾಗದೆಂದು ತಲೆಯಾಡಿಸಿದಳು. ಶನಿವಾರ ಅಮ್ಮ ಮನೆಯಲ್ಲಿ ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡುವ ದಿನ, ಮಧ್ಯಾಹ್ನದೊಳಗೆ ಅಮ್ಮನ ಲೆಕ್ಕ ಮುಗಿಯಬೇಕು, ಅವಳು ಕೈಜೋಡಿಸದಿದ್ದರೆ ಆಗದು. ಸಾಲದ್ದಕ್ಕೆ ಆ ರಾತ್ರಿ ಕರೆಂಟು ಕೈಕೊಟ್ಟು ಕ್ಯಾಮೆರಾದ ಬ್ಯಾಟರಿ ತುಂಬಲಿಲ್ಲ. “ಐದು ನಿಮಿಷ ಬಂದ್ರೆ ಹೆಚ್ಚು” ಎಂದ ಸಂಜೀವ.

ನನ್ನ ಗ್ರಾಫ್ ಹಾಳೆಯನ್ನು ಮಡಚಿ ಜೇಬಿಗೆ ಹಾಕಿದೆ. ಹುಡುಗಿ ಬರಲಾಗದಿದ್ದರೆ ಕ್ಯಾಮೆರಾ ಹೋಗಬಹುದಲ್ಲ? ಶನಿವಾರ ಎಂಟು ಗಂಟೆಗೆ ನಾವಿಬ್ಬರೂ ಅವಳ ಮನೆಯ ಜಗಲಿಯಲ್ಲಿದ್ದೆವು. ಟೇಪು ಬೇಡ, ಅವಳೇ ಹಾಡಲಿ, ಕ್ಯಾಸೆಟ್ಟಿನಲ್ಲಿ ಹೊಯಿಗೆಯ ಚರಣದ ಮೇಲೆಯೇ ಇದನ್ನು ತೆಗೆಯುವ ಎಂದು ತೀರ್ಮಾನಿಸಿದ್ದೆ.

ಅವಳ ತಾಯಿ ಗಿರಿಜಾ ನನ್ನನ್ನು ಬದಿಗೆ ಕರೆದರು. “ಮಾಸ್ಟ್ರೇ, ಬೀಡಿ ಕಾಣುವುದು ಬೇಡ. ಇವಳು ಕಟ್ಟುವುದು ಅವರಿಗೆ ಗೊತ್ತಿಲ್ಲ. ಮಗಳು ಓದಿದ್ರೆ ಸಾಕು ಅಂತ ಪ್ರತಿ ಪತ್ರದಲ್ಲಿ ಬರೀತಾರೆ.” ಅದಕ್ಕೇನು, ಮುಖ ಮಾತ್ರ ತೆಗೆಯುವ ಎಂದೆ.

ಆದರೆ ಬೀಡಿಯ ಮೊರ ಬದಿಗಿಟ್ಟು ಹಾಡಲು ಹೇಳಿದರೆ ಹುಡುಗಿ ಕಲ್ಲಿನಂತೆ ಕುಳಿತಳು. ಎರಡು ಸಲ ಸುರು ಮಾಡಿದಳು, ಎರಡು ಸಲವೂ ತಾಳ ತಪ್ಪಿತು. ಬ್ಯಾಟರಿ ಇಳಿಯುತ್ತಿತ್ತು. “ನೀನು ದಿನಾ ಹಾಡುವುದು ಹೇಗೆ ಮಾರಾಯ್ತಿ?” ಎಂದು ನಾನು ರೇಗಿದೆ. “ಕಟ್ಟುತ್ತಾ ಸರ್” ಎಂದಳು. ಸರಿ, ಮೊರ ಮತ್ತೆ ಮಡಿಲಿಗೆ ಬಂತು. ಸಂಜೀವ ಕ್ಯಾಮೆರಾವನ್ನು ಅವಳ ಭುಜದಿಂದ ಮೇಲಕ್ಕೆ ಹಿಡಿದ. ಕೆಳಗೆ ಬೆರಳುಗಳು ಎಲೆ ಸುರುಳಿ ಸುತ್ತಿ ನೂಲು ಬಿಗಿಯುತ್ತಿದ್ದವು, ಮೇಲೆ ಸ್ವರ ಅದರ ಪಾಡಿಗೆ ತೆರೆಯಿತು. ಏನು ಸ್ವರ ಅದು! ಟೇಪಿನಲ್ಲಿ ಅದರ ಅರ್ಧವೂ ಬಂದಿರಲಿಲ್ಲ.

ಇನ್ನೆರಡು ಸಾಲು ಉಳಿದಿರುವಾಗ ಅವಳು ಹಾಡು ನಿಲ್ಲಿಸಿ, ಒಳಗೆ ತಿರುಗಿ, “ಅಮ್ಮಾ, ನೂಲು ಮುಗಿಂಡ್!” ಎಂದು ತುಳುವಿನಲ್ಲಿ ಕೂಗಿದಳು. ನೂಲು ಮುಗಿಯಿತು ಎಂದು. ಮರುಕ್ಷಣ ಏನಾಯಿತೆಂದು ತಿಳಿದು ನಾಲಿಗೆ ಕಚ್ಚಿಕೊಂಡು, ನಕ್ಕು, ಉಳಿದ ಎರಡು ಸಾಲು ಹಾಡಿ ಮುಗಿಸಿದಳು. ಕ್ಯಾಮೆರಾದ ಕೆಂಪು ದೀಪ ಮಿನುಗಿ ಆರಿತು.

“ಎಲ್ಲ ಹಾಳಾಯ್ತು!” ಎಂದು ನಾನು ಕಂಬಕ್ಕೆ ಗುದ್ದಿದೆ. ಮುಚ್ಚಿಡಲು ಹೊರಟದ್ದನ್ನೇ ಅವಳು ಬಾಯಾರೆ ಹೇಳಿಬಿಟ್ಟಿದ್ದಳು; ನೂಲೆಂದರೆ ಬೀಡಿಯ ನೂಲೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕೇ? ಗಿರಿಜಮ್ಮನ ಮುಖ ಸಪ್ಪಗಾಗಿತ್ತು. ಕಳಿಸುವುದೋ ಬಿಡುವುದೋ ಎಂದು ಕೇಳಿದೆ. ಅವರು ಮಗಳನ್ನು ನೋಡಿ, “ಹೋಗ್ಲಿ ಮಾಸ್ಟ್ರೇ, ಅವರು ಮಗಳನ್ನು ನೋಡ್ಲಿ” ಎಂದರು. ಸಂಜೀವ ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಕೊಂಡೊಯ್ದ.

ಫೆಬ್ರವರಿಯಲ್ಲಿ ಶಾಲೆಯ ವಿಳಾಸಕ್ಕೆ ಕೃಷ್ಣಪ್ಪನವರ ಪತ್ರ ಬಂತು. ಬೈದು ಬರೆದಿರಬಹುದೆಂದು ಹೆದರುತ್ತಲೇ ಒಡೆದೆ. ಹೀಗಿತ್ತು: “ಮಗಳು ಬೀಡಿ ಕಟ್ಟುವುದು ತಿಳಿದು ಸ್ವಲ್ಪ ಬೇಸರವಾಯಿತು. ಓದು ಬಿಡಬಾರದೆಂದು ನೀವೂ ಹೇಳಿ. ಹಾಡು ಎಲ್ಲರಿಗೂ ಇಷ್ಟವಾಯಿತು ಸರ್. ನಾನು ಮಾತ್ರ ನೂಲು ಮುಗಿದದ್ದನ್ನೇ ಹಿಂದೆ ತಿರುಗಿಸಿ ತಿರುಗಿಸಿ ನೋಡಿದೆ. ನಾಲ್ಕು ವರ್ಷ ಪತ್ರದಲ್ಲಿ ‘ಎಲ್ಲರೂ ಕ್ಷೇಮ’ ಎಂದು ಓದಿದ್ದೇನೆ. ಮನೆಯೊಳಗಿನ ಮಾತು ಕೇಳಿದ್ದು ಇದೇ ಮೊದಲು.”

ಆಮೇಲೆ ನಿವೃತ್ತನಾಗುವವರೆಗೆ ಮಕ್ಕಳಿಂದ ಎಷ್ಟೋ ಹಾಡು, ನಾಟಕ ಮಾಡಿಸಿದೆ. ಸೆಲ್ಲನ್ನು ಪ್ರತಿ ಸಲವೂ ಹೊಸತೇ ಹಾಕಿದೆ. ಆದರೆ ನಡುವೆ ಯಾವ ಮಗುವಾದರೂ ತಪ್ಪಿ ಏನಾದರೂ ಅಂದರೆ, ನಿಲ್ಲಿಸು ಎಂದು ಮೊದಲಿನ ಹಾಗೆ ಕೂಗಲು ನನಗೆ ಬಾಯಿ ಬರಲಿಲ್ಲ.