ತೂಕದಮ್ಮನೂ ಮ್ಯಾನೇಜರರ ಚೌಕಟ್ಟೂ

ನಮ್ಮ ದೊಡ್ಡಮ್ಮನಿಗೆ ಲಾರಿ ಡ್ರೈವರುಗಳು ಇಟ್ಟಿರುವ ಹೆಸರು ತೂಕದಮ್ಮ. ಗುಜರಿ ಕಬ್ಬಿಣ ಕರಗಿಸಿ ಸರಳು ಮಾಡುವ ಕಾರ್ಖಾನೆಯ ಗೇಟಿನ ಪಕ್ಕದ ಕ್ಯಾಬಿನ್ನಿನಲ್ಲಿ ಅವಳ ಕೆಲಸ. ಕ್ಯಾಬಿನ್ನಿನ ಮುಂದೆ ನೆಲಕ್ಕೆ ಸಮನಾಗಿ ಒಂದು ದೊಡ್ಡ ಕಬ್ಬಿಣದ ಹಾಸು ಇದೆ. ಲಾರಿ ಅದರ ಮೇಲೆ ಬಂದು ನಿಂತರೆ ಒಳಗಿನ ಪರದೆಯ ಮೇಲೆ ಅದರ ತೂಕ ಬರುತ್ತದೆ. ತುಂಬಿದ ಲಾರಿಯ ತೂಕ ಒಮ್ಮೆ, ಮಾಲು ಇಳಿಸಿ ಬಂದ ಮೇಲೆ ಖಾಲಿ ಲಾರಿಯದು ಇನ್ನೊಮ್ಮೆ. ಎರಡನ್ನೂ ದಾಖಲಿಸಿ ಚೀಟಿ ಕೊಡುವವಳು ದೊಡ್ಡಮ್ಮ.

ಮೊದಲು ಅವಳು ವಿಂಗಡಣೆ ಶೆಡ್ಡಿನಲ್ಲಿದ್ದಳು. ಅಲ್ಲಿ ತಗಡು, ತಂತಿ, ಮುರಿದ ಸೈಕಲ್ಲುಗಳನ್ನು ಬೇರೆ ಬೇರೆ ರಾಶಿ ಮಾಡಬೇಕು. ತುಕ್ಕಿನ ಪುಡಿ ಎದೆ ಸೇರಿ ಅವಳಿಗೆ ಕೆಮ್ಮು ಅಂಟಿಕೊಂಡಿತ್ತು. ಉಸಿರೆಳೆದರೆ ಪಕ್ಕದ ಕೋಣೆಯಲ್ಲಿದ್ದವರಿಗೂ ಸಿಳ್ಳೆ ಕೇಳುತ್ತಿತ್ತು. ಕ್ಯಾಬಿನ್ನಿಗೆ ಬಂದ ಮೇಲೆ ಕೆಮ್ಮು ಬಿಟ್ಟಿತು. ಆ ಕುರ್ಚಿ ಅವಳಿಗೆ ಏನು ಎಂಬುದು ಗೊತ್ತಾಗಲಿ ಎಂದು ಇದನ್ನು ಮೊದಲೇ ಬರೆಯುತ್ತಿದ್ದೇನೆ.

ಕ್ಯಾಬಿನ್ನಿನ ಕಂಪ್ಯೂಟರು ಹಳೆಯ ಬಗೆಯದು. ಕಪ್ಪು ಪರದೆ, ಹಸಿರು ಅಕ್ಷರ. ಚಿತ್ರವಿಲ್ಲ, ಮೌಸ್ ಇಲ್ಲ. ಏನು ಬೇಕೋ ಅದನ್ನು ಟೈಪ್ ಮಾಡಿಯೇ ಹೇಳಬೇಕು. ಅದಕ್ಕೆ ಟರ್ಮಿನಲ್ ಅನ್ನುತ್ತಾರೆ. ದೊಡ್ಡಮ್ಮ ಕಪ್ಪಣ್ಣ ಅನ್ನುತ್ತಾಳೆ. ಬೆಳಿಗ್ಗೆ ಬಂದು ತನ್ನ ಹೆಸರು, ಗುಟ್ಟಿನ ಪದ ಹಾಕಿ ಕಪ್ಪಣ್ಣನನ್ನು ಎಬ್ಬಿಸುತ್ತಾಳೆ; ಸಂಜೆ ಮಲಗಿಸಿ, ಬಟ್ಟೆ ಮುಚ್ಚಿ ಮನೆಗೆ ಬರುತ್ತಾಳೆ. ಮೇಜಿನ ಮೇಲೆ ಒಂದು ಮೈಕ್ ಕೂಡ ಇದೆ. ಅದರಲ್ಲಿ ಅವಳು ಲಾರಿಗಳನ್ನು ಕರೆದರೆ ಅಂಗಳದ ತುದಿಯವರೆಗೂ ಕೇಳಿಸುತ್ತದೆ.

ಇನ್ನು ಮ್ಯಾನೇಜರರ ವಿಷಯ. ಅವರಿಗೆ ಸೂಚನಾಫಲಕಗಳೆಂದರೆ ಪ್ರಾಣ. ಊಟದ ಕೋಣೆಯ ಗೋಡೆಯ ಮೇಲೆ, ನಲ್ಲಿಯ ಮೇಲೆ, ಶೌಚಾಲಯದ ಬಾಗಿಲಿನ ಒಳಬದಿಯಲ್ಲಿ, ಎಲ್ಲೆಲ್ಲೂ ಅವರ ಮಾತು ಅಂಟಿಕೊಂಡಿದೆ. ಇಷ್ಟು ಸಾಲದೆಂದು ಒಂದು ದಿನ ಕಂಪ್ಯೂಟರು ತೆರೆದ ಕೂಡಲೇ ಕಾಣುವಂತೆ ಒಂದು ಸೂಚನೆ ಇರಲಿ ಎಂದುಕೊಂಡರು. ಅವರ ಅಳಿಯನಿಗೆ ಕಂಪ್ಯೂಟರು ಗೊತ್ತು. ಅವನು ಭಾನುವಾರ ಬಂದು ಹಾಕಿಕೊಟ್ಟು ಹೋದ.

ಮರುದಿನ ದೊಡ್ಡಮ್ಮ ಹೆಸರು ಹಾಕಿದಳು. ಪರದೆಯ ಮೇಲೆ ಜೋಡಿಗೆರೆಯ ಚೌಕಟ್ಟೊಂದು ಮೂಡಿತು. ನಾಲ್ಕು ಮೂಲೆಯೂ ನೀಟಾಗಿ ಕೂಡಿದ್ದವು. ಒಳಗೆ ಹೀಗೆ ಬರೆದಿತ್ತು: 'ಜಾಗರೂಕರಾಗಿರಿ. ತಪ್ಪಿಗೆ ನೀವೇ ಹೊಣೆ.' ಅದರ ಕೆಳಗೆ ಎಂದಿನಂತೆ ತೂಕದ ಪಟ್ಟಿ ಬರಬೇಕಿತ್ತು. ಬಂತು, ಆದರೆ ಅಕ್ಷರಗಳ ಜಾಗದಲ್ಲಿ ಗೆರೆಯ ಚೂರು, ಮುರಿದ ಮೂಲೆ, ಕೂಡುಗೆರೆ. ಯಾರೋ ಕಿಟಕಿ ಸರಳುಗಳನ್ನೆಲ್ಲ ಕಿತ್ತು ಚೆಲ್ಲಿದ ಹಾಗೆ. ಅಂಕಿಗಳು ಮಾತ್ರ ಹೇಗಿದ್ದವೋ ಹಾಗೇ ಇದ್ದವು. ಅವಳು ಏನು ಟೈಪ್ ಮಾಡಿದರೂ ಅದೂ ಗೆರೆಯಾಗಿಯೇ ಬೀಳುತ್ತಿತ್ತು.

ದೊಡ್ಡಮ್ಮ ಕೂಡಲೇ ಫೋನ್ ಮಾಡಿ, ನಿಮ್ಮ ಚೌಕಟ್ಟು ಬಂದ ಮೇಲೆ ಹೀಗಾಗಿದೆ ಎಂದು ತಿಳಿಸಿದಳು. ಈ ಮಾತನ್ನು ಅವಳು ಮೊದಲ ದಿನವೇ ಹೇಳಿದ್ದಳು. ದಯವಿಟ್ಟು ಇದನ್ನು ನೆನಪಿಡಬೇಕು. ಮ್ಯಾನೇಜರ್ ಬಂದು ಕನ್ನಡಕ ಏರಿಸಿ ನೋಡಿದರು. ಇಡೀ ಪರದೆಯಲ್ಲಿ ಕಣ್ಣಿಗೆ ಹಿತವಾಗಿದ್ದದ್ದು ಅವರ ಚೌಕಟ್ಟೊಂದೇ.

"ಇದು ಎಷ್ಟು ಚೆನ್ನಾಗಿ ಬಂದಿದೆ ನೋಡಿ. ಇದು ಬಂದಾದ್ಮೇಲೆ ನೀವೇನು ಒತ್ತಿದ್ರಿ?"

ಏನೂ ಒತ್ತಿಲ್ಲ ಎಂದಳು. ಸುಮ್ಮಸುಮ್ಮನೆ ಕೆಡುತ್ತದೆಯೇ ಎಂದರು. ಅಲ್ಲಿಂದ ಶುರುವಾಯಿತು.

ರಿಪೇರಿಯವನು ಬಂದ. ಒಳ್ಳೆಯ ಮನುಷ್ಯನೇ, ಆದರೆ ಬಿಸಿಯಾದ ತವಾ ಮೇಲೆ ನಿಂತವನ ಹಾಗೆ ಸದಾ ಅವಸರ. ಪರದೆಯ ಹಿಂದಿನ ತಂತಿ ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ಬೇರೆ ಕೀಬೋರ್ಡ್ ಹಾಕಿ ನೋಡಿದ. ಯಂತ್ರವನ್ನೇ ಆರಿಸಿ ಹೊತ್ತಿಸಿದ. ಅದು ಹೆಸರು ಕೇಳಿತು, ದೊಡ್ಡಮ್ಮ ಹಾಕಿದಳು, ಚೌಕಟ್ಟು ಬಂತು, ಕೆಳಗೆ ಮತ್ತೆ ಗೆರೆ. ಕೊನೆಗೆ ಅವನು ಆ ಗೆರೆಗಳ ನಡುವೆಯೇ 'ರೀಸೆಟ್' ಎಂದು ಟೈಪ್ ಮಾಡಿದ. ಪರದೆಯ ಮೇಲೆ ಕಂಡದ್ದು ನಾಲ್ಕಾರು ಕಡ್ಡಿಚೂರು ಅಷ್ಟೆ, ಆದರೂ ಯಂತ್ರಕ್ಕೆ ಅರ್ಥವಾಯಿತು. ಪರದೆ ಒಮ್ಮೆ ಖಾಲಿಯಾಗಿ ಅಕ್ಷರಗಳು ಮರಳಿದವು. ಚಹಾ ಕುಡಿದು ಹೊರಟುಹೋದ. ಯಾಕೆ ಕೆಟ್ಟಿತ್ತು ಎಂದು ಅವನು ನೋಡಲಿಲ್ಲ, ಮ್ಯಾನೇಜರರೂ ಕೇಳಲಿಲ್ಲ.

ಸಂಜೆ ಮಲಗಿಸಿದ ಕಪ್ಪಣ್ಣನನ್ನು ಬೆಳಿಗ್ಗೆ ಎಬ್ಬಿಸಿದಾಗ ಮತ್ತೆ ಅದೇ ಕಥೆ. ಮತ್ತೆ ಫೋನು, ಮತ್ತೆ ರೀಸೆಟ್, ಮತ್ತೆ ಚಹಾ. ಹೀಗೆ ಒಂದು ವಾರ. ಆ ರೀಸೆಟ್ಟನ್ನು ನನಗೇ ಹೇಳಿಕೊಡಪ್ಪ, ದಿನಾ ನಾನೇ ಮಾಡಿಕೊಳ್ಳುತ್ತೇನೆ ಎಂದು ದೊಡ್ಡಮ್ಮ ಕೇಳಿದ್ದಳು. ಮ್ಯಾನೇಜರ್ ಬಿಡಲಿಲ್ಲ. ಇರುವುದನ್ನೇ ಕೆಡಿಸಿದವರಿಗೆ ಇನ್ನೊಂದನ್ನು ಬೇರೆ ಕಲಿಸುವುದೇ ಎಂದರಂತೆ. ಅಂಕಿಗಳು ಸರಿಯಾಗಿಯೇ ಇವೆ, ಯಾವ ಸಾಲು ಯಾವುದು ಅಂತ ನನಗೆ ಗೊತ್ತಿದೆ, ರಿಪೇರಿಯವನು ಬರುವವರೆಗೆ ತೂಕ ನಡೆಸುತ್ತೇನೆ ಎಂದಳು. ಅದಕ್ಕೂ ಬೇಡ ಎಂದರು. ಯಂತ್ರ ಕೆಟ್ಟಿರಬಹುದು, ಕೆಲಸ ನಿಲ್ಲಬೇಕಾಗಿರಲಿಲ್ಲ. ನಿಲ್ಲಿಸಿದವರು ಅವರು. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಕೆಲಸ ನಿಂತ ಮೇಲೆ ಲಾರಿಗಳ ಸಾಲು ಗೇಟು ದಾಟಿ ರಸ್ತೆಗೆ ಹೋಯಿತು. ಹಾರ್ನುಗಳು ಬೊಬ್ಬೆ ಹೊಡೆದವು. ಶುಕ್ರವಾರ ಮ್ಯಾನೇಜರ್ ಕ್ಯಾಬಿನ್ನಿಗೆ ಬಂದು, ದೊಡ್ಡಮ್ಮನ ಮುಂದಿದ್ದ ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡು, ಕ್ಯಾಬಿನ್ ಸಿಬ್ಬಂದಿಯ ಅಜಾಗರೂಕತೆಯಿಂದ ತೂಕ ತಡವಾಗುತ್ತಿದೆ, ಸಹಕರಿಸಿ ಎಂದು ಸಾರಿದರು. ಕ್ಯಾಬಿನ್ನಿನಲ್ಲಿ ಸಿಬ್ಬಂದಿ ಎಂದರೆ ಅವಳೊಬ್ಬಳೇ. ಅಂಗಳದ ತುದಿಯಲ್ಲಿ ಟೈರು ಬಿಚ್ಚುತ್ತಿದ್ದವನೂ ತಲೆ ಎತ್ತಿ ನೋಡಿದನಂತೆ. ಇದನ್ನು ನನಗೆ ಹೇಳಿದ್ದು ದೊಡ್ಡಮ್ಮ ಅಲ್ಲ, ಅಲ್ಲಿದ್ದ ಒಬ್ಬ ಡ್ರೈವರು. ಮೀಸೆ ಅಣ್ಣ ಎನ್ನುತ್ತಾರೆ ಅವನಿಗೆ.

ಆಮೇಲೆ ಮ್ಯಾನೇಜರ್ ತಮ್ಮ ತೀರ್ಪು ಹೇಳಿದರು.

"ನೋಡಮ್ಮ, ರಿಪೇರಿಯವನು ಕೂತ್ರೆ ಸರಿಯಾಗುತ್ತೆ, ನೀವು ಕೂತ್ರೆ ಕೆಡುತ್ತೆ. ಇದು ನಿಮ್ಮ ಕೈಗುಣ. ನಾಳೆ ಎಲ್ಲರೆದುರಿಗೆ ತಪ್ಪಾಯ್ತು ಅಂದ್ಬಿಡಿ, ಮುಗೀತು. ಇಲ್ಲಾಂದ್ರೆ ಸೋಮವಾರದಿಂದ ಶೆಡ್ಡಿಗೆ ಹೋಗಿ."

ಆ ಸಂಜೆ ದೊಡ್ಡಮ್ಮ ಮನೆಗೆ ಬಂದು ಚಪ್ಪಲಿಯನ್ನು ಬಾಗಿಲ ಬಳಿ ಜೋಡಿಸಿಡಲಿಲ್ಲ. ಎರಡೂ ಎರಡು ದಿಕ್ಕಿಗೆ ಬಿದ್ದಿದ್ದವು. ದೊಡ್ಡಪ್ಪ ದರ್ಜಿ, ಹೊಲಿಗೆ ಯಂತ್ರದ ಮುಂದಿನಿಂದಲೇ ಆ ಚಪ್ಪಲಿಗಳನ್ನು ನೋಡಿ ಯಂತ್ರ ನಿಲ್ಲಿಸಿದ. ವಿಷಯವೆಲ್ಲ ಕೇಳಿ, ಒಂದು ಮಾತು ತಾನೇ, ಅಂದುಬಿಡು, ಬಾಯೇನು ಸವೆಯುತ್ತದೆಯೇ, ಮತ್ತೆ ಆ ಕೆಮ್ಮು ಶುರುವಾದರೆ ಏನು ಗತಿ ಎಂದ. ಅವನು ಹೇಳಿದ್ದು ಅವಳ ಮೇಲಿನ ಕಾಳಜಿಯಿಂದ. ಆದರೆ ಆ ಕ್ಷಣ ಅದು ಅವಳಿಗೆ ಹಾಗೆ ಕೇಳಿಸಲಿಲ್ಲ.

"ಬಾಯಿ ಸವೆಯಲ್ಲ ರೀ. ಆದ್ರೆ ನಾಳೆ ನಾನು ತಪ್ಪಾಯ್ತು ಅಂದ್ರೆ, ನಾಡಿದ್ದು ಗೇಟು ಮುರಿದ್ರೂ ನನ್ನ ಹತ್ರಾನೇ ಬರ್ತಾರೆ. ನಿಮ್ಮ ಅಂಗಡಿಗೆ ಬಂದವ್ರು ತಾವೇ ಅಳತೆ ತಪ್ಪು ಕೊಟ್ಟು, ಆಮೇಲೆ ಬಟ್ಟೆ ಗಿಡ್ಡ ಆಯ್ತು ಅಂದಾಗ ನೀವು ಒಪ್ಕೋತೀರಾ?"

"ಒಪ್ಕೊಂಡಿದೀನಿ," ಎಂದ ದೊಡ್ಡಪ್ಪ. "ನಿನ್ನ ತಂಗಿಯ ರವಿಕೆ."

ನನ್ನ ಅಮ್ಮನೇ ಆ ತಂಗಿ. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ದೊಡ್ಡಮ್ಮ ನಗಲಿಲ್ಲ. ತಟ್ಟೆಯಲ್ಲಿದ್ದ ಅನ್ನವನ್ನು ಬಹಳ ಹೊತ್ತು ಕಲಸಿ, ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಕೈ ತೊಳೆದು ಬಂದು, ಕೈಗುಣವಂತೆ ಎಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, ಅವರ ಕೈ ನೋಡಿಯೇ ಇಲ್ಲವಲ್ಲ ಎಂದಳು. ಅದು ನಮಗೆ ಆಗ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕ್ಯಾಬಿನ್ನಿಗೆ ಹೋದಳು. ಆದರೆ ಕಪ್ಪಣ್ಣನ ಮೇಲಿನ ಬಟ್ಟೆಯನ್ನೂ ತೆಗೆಯಲಿಲ್ಲ. ಕುರ್ಚಿಯ ಪಕ್ಕದಲ್ಲಿ ಕೈಕಟ್ಟಿ ನಿಂತಳು. ಮ್ಯಾನೇಜರ್ ಬಂದರು. ಹೇಗೂ ಕೆಟ್ಟೇ ಇರುತ್ತದೆಂದು ರಿಪೇರಿಯವನನ್ನೂ ಕರೆಸಿದ್ದರು. ಮೀಸೆ ಅಣ್ಣ ಮತ್ತು ಇನ್ನೂ ಕೆಲವು ಡ್ರೈವರುಗಳು ಕಿಟಕಿಯ ಹೊರಗೆ ನಿಂತಿದ್ದರು. ಎಲ್ಲರೂ ಇದ್ದಾರಲ್ಲ, ಹೇಳಿ ಎಂದರು ಮ್ಯಾನೇಜರ್.

"ಹೇಳ್ತೀನಿ ಸಾರ್. ಇವತ್ತು ನಾನು ಇದನ್ನ ಮುಟ್ಟಿಲ್ಲ. ನೀವೇ ಕೂತ್ಕೊಂಡು, ನಿಮ್ಮ ಹೆಸರಲ್ಲೇ ತೆಗೀರಿ. ಸರಿಯಾಗಿ ಬಂದ್ರೆ ತಪ್ಪಾಯ್ತು ಅಂತೀನಿ, ನಾನೇ ನಡ್ಕೊಂಡು ಶೆಡ್ಡಿಗೂ ಹೋಗ್ತೀನಿ."

ಮ್ಯಾನೇಜರ್ ರಿಪೇರಿಯವನ ಕಡೆಗೆ ಕೈ ತೋರಿಸಿದರು. ಅವರು ಬೇಡ, ನೀವೇ ಎಂದಳು ದೊಡ್ಡಮ್ಮ. ತಮಗೆ ಬೇರೆ ಕೆಲಸವಿದೆ ಎಂದರು. ಅವಳು ಕುರ್ಚಿಯನ್ನು ಇನ್ನೂ ಸ್ವಲ್ಪ ಅವರ ಕಡೆಗೆ ಸರಿಸಿದಳು. ಆಗ ಕಿಟಕಿಯಿಂದ ಮೀಸೆ ಅಣ್ಣ, "ಕೂತ್ಕೊಳಿ ಸಾರ್, ಕುರ್ಚಿ ಕಚ್ಚಲ್ಲ," ಎಂದ.

ಅವರು ಕರವಸ್ತ್ರದಿಂದ ಕುರ್ಚಿ ಒರೆಸಿ ಕುಳಿತರು. ಒಂದೇ ಬೆರಳಿನಿಂದ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಅಕ್ಷರ ಹುಡುಕಿ ತಮ್ಮ ಹೆಸರು ಹಾಕಿದರು. ಗುಟ್ಟಿನ ಪದ ಒಮ್ಮೆ ತಪ್ಪಾಯಿತು, ಮತ್ತೆ ಹಾಕಿದರು. ಚೌಕಟ್ಟು ಬಂತು. ಜಾಗರೂಕರಾಗಿರಿ. ತಪ್ಪಿಗೆ ನೀವೇ ಹೊಣೆ. ಅದರ ಕೆಳಗೆ ಮೇಲಿಂದ ತಳದವರೆಗೆ ಗೆರೆಯ ಚೂರುಗಳು.

ಮೀಸೆ ಅಣ್ಣ ಕಿಟಕಿಯೊಳಗೆ ತಲೆ ಹಾಕಿ ಬಹಳ ವಿನಯದಿಂದ ಕೇಳಿದ:

"ಏನು ಒತ್ತಿದ್ರಿ ಸಾರ್?"

ಹೊರಗಿದ್ದವರೆಲ್ಲ ಗೊಳ್ಳೆಂದರು. ಮ್ಯಾನೇಜರ್ ಬೆಂಕಿ ಮುಟ್ಟಿದವರ ಹಾಗೆ ಕೀಬೋರ್ಡಿನಿಂದ ಕೈ ಹಿಂದಕ್ಕೆ ಎಳೆದುಕೊಂಡರು. ಆಗಲೇ ರಿಪೇರಿಯವನಿಗೂ ಹೊಳೆದದ್ದು. ಅಷ್ಟು ದಿನವೂ ಅವನ ಮುಂದೆ ಹೆಸರು ಹಾಕಿದ್ದು ದೊಡ್ಡಮ್ಮನ ಕೈ. ಬೇರೆಯವರ ಕೈಯಲ್ಲೂ ಕೆಡುವುದನ್ನು ಅವನು ನೋಡಿರಲಿಲ್ಲ. ಬಗ್ಗಿ, ಒಮ್ಮೆ ರೀಸೆಟ್ ಮಾಡಿ, ಚೌಕಟ್ಟು ಬರೆದಿಟ್ಟಿದ್ದ ಕಡತವನ್ನು ತೆರೆದು ನೋಡಿದ. ಅವನು ವಿವರಿಸಿದ್ದನ್ನು ಮೀಸೆ ಅಣ್ಣ ನನಗೆ ಎರಡು ಸಲ ಹೇಳಿದ್ದಾನೆ, ಆದ್ದರಿಂದ ಸರಿಯಾಗಿಯೇ ಬರೆಯುತ್ತಿದ್ದೇನೆ ಎಂದುಕೊಂಡಿದ್ದೇನೆ. ಚೌಕಟ್ಟಿನ ಗೆರೆ ಬರಬೇಕಾದರೆ ಟರ್ಮಿನಲ್ಲಿಗೆ ಒಂದು ಗುಪ್ತ ಸಂಕೇತ ಕೊಡಬೇಕು: ಇಲ್ಲಿಂದ ಅಕ್ಷರ ಬೇಡ, ಗೆರೆ ಎಳೆ ಎಂದು. ಗೆರೆ ಮುಗಿದ ಮೇಲೆ ಇನ್ನೊಂದು ಸಂಕೇತ ಕೊಡಬೇಕು: ಸಾಕು, ಮತ್ತೆ ಅಕ್ಷರಕ್ಕೆ ಬಾ ಎಂದು.

"ಕೆಳಗಿನ ಗೆರೆ ಎಳೆಯೋಕೆ ಹೇಳಿದಾರೆ ಸಾರ್, ಸಾಕು ಅನ್ನೋದನ್ನ ಮರ್ತಿದಾರೆ. ಅದು ಪಾಪ ಎಳೀತಾನೇ ಇದೆ. ನಾನು ರೀಸೆಟ್ ಮಾಡಿದಾಗ ಅಕ್ಷರ ಬರುತ್ತೆ, ಮಾರನೇ ದಿನ ನಿಮ್ಮ ಚೌಕಟ್ಟು ಬಂದು ಮತ್ತೆ ಕೆಡಿಸುತ್ತೆ."

ಆ ಒಂದು ಸಂಕೇತ ಸೇರಿಸಿದ. ಮತ್ತೆ ಮೊದಲಿನಿಂದ ತೆರೆದು ತೋರಿಸಿದ. ಚೌಕಟ್ಟು ಬಂತು, ಕೆಳಗೆ ಅಚ್ಚುಕಟ್ಟಾದ ಅಕ್ಷರಗಳು ಬಂದವು. ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಅದಕ್ಕಾಗಿ ಒಂದು ವಾರ ಒಬ್ಬ ಹೆಂಗಸಿನ ತಲೆಯ ಮೇಲೆ ಗೂಬೆ ಕೂರಿಸಿದ್ದರು.

ಆಗ ಮ್ಯಾನೇಜರ್ ಏನು ಮಾಡಿದರು? ರಿಪೇರಿಯವನ ಕಡೆ ತಿರುಗಿ, ಮೊದಲೇ ನೋಡಬಾರದಿತ್ತೇನಯ್ಯ ಎಂದು ಗದರಿಸಿದರು. ಅಳಿಯನ ಹೆಸರು ಬಾಯಿಗೆ ಬರಲಿಲ್ಲ. ದೊಡ್ಡಮ್ಮನಿಗೆ, ಸರಿ, ಆಯ್ತಲ್ಲ, ಲಾರಿ ಕರೀರಿ ಎಂದು ಎದ್ದರು. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಕೂಗಲಿಲ್ಲ. ಮೈಕನ್ನು ಅವರ ಮುಂದಕ್ಕೆ ತಳ್ಳಿದಳು ಅಷ್ಟೆ.

"ನಿನ್ನೆ ಇದರಲ್ಲಿ ಹೇಳಿದ್ರಿ ಸಾರ್. ಇವತ್ತೂ ಇದರಲ್ಲೇ ಹೇಳಿ."

ಅವರು ಮೈಕನ್ನು ನೋಡಿದರು, ಕಿಟಕಿಯ ಹೊರಗಿನ ಮುಖಗಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, ತಾಂತ್ರಿಕ ಕಾರಣದಿಂದ ತೊಂದರೆಯಾಗಿತ್ತು, ಸಹಕರಿಸಿದ್ದಕ್ಕೆ ಧನ್ಯವಾದ ಎಂದರು. ಅವಳ ಅಜಾಗರೂಕತೆ ಎನ್ನುವಾಗ ಸ್ಪಷ್ಟವಾಗಿದ್ದ ದನಿ ಈಗ ಯಾರ ಕೈವಾಡವೂ ಇಲ್ಲದ ಕಾರಣವೊಂದನ್ನು ಹುಡುಕಿಕೊಂಡಿತ್ತು. ತಪ್ಪಾಯ್ತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಇಂದಿನವರೆಗೂ ಬಂದಿಲ್ಲ. ಅವಳಿಂದ ಅದನ್ನು ಹೇಳಿಸಲು ಎಷ್ಟು ಸುಲಭವಾಗಿ ಹೊರಟಿದ್ದರು!

ಅವರು ಹೋದ ಮೇಲೆ ದೊಡ್ಡಮ್ಮ ತನ್ನ ಕುರ್ಚಿಯಲ್ಲಿ ಕುಳಿತಳು. ಕಪ್ಪಣ್ಣನ ಪರದೆಯನ್ನು ಬಟ್ಟೆಯಿಂದ ಒಮ್ಮೆ ಒರೆಸಿದಳು. ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು. ಬೇಕಿದ್ದರೆ ಎಲ್ಲವನ್ನೂ ಹೇಳಬಹುದಿತ್ತು: ಅಳಿಯ, ಚೌಕಟ್ಟು, ಕೈಗುಣ. ನಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ. ಡ್ರೈವರುಗಳೂ ಕಾದು ನಿಂತಿದ್ದರು. ಟೈರಿನವನೂ ಕೆಲಸ ನಿಲ್ಲಿಸಿದ್ದ.

"ಕೆಟ್ಟಿದ್ದು ನನ್ನ ಕೈಯಿಂದ ಅಲ್ಲ," ಎಂದಳು. ಅಂಗಳದ ತುದಿಯವರೆಗೂ ಕೇಳಿಸಿತು. "ಮುಂದಿನ ಗಾಡಿ ಬರ್ಲಿ."

ಮೀಸೆ ಅಣ್ಣ ಓಡಿಹೋಗಿ ತನ್ನ ಲಾರಿ ಹತ್ತಿದ.